ಬ್ಲೀಚಿಂಗ್ ಪುಡಿಗೆ ಡಬ್ಬದ ಅಳತೆ ಸಾಲದು, ತಕ್ಕಡಿಯ ತೂಕ ಬೇಕು



ಒಂದು ಸೇರು ರಾಗಿಯನ್ನು ಬೀಸಿಸಿ ತಂದರೆ ಆ ಹಿಟ್ಟು ಅದೇ ಸೇರಿನಲ್ಲಿ ಹಿಡಿಯುವುದಿಲ್ಲ. ತೂಕ ಹೆಚ್ಚಿಲ್ಲ, ರಾಶಿ ಹೆಚ್ಚಿದೆ. ಇದು ನಮ್ಮ ಮನೆಯ ಹೆಣ್ಣುಮಕ್ಕಳಿಗೆಲ್ಲ ಗೊತ್ತಿರುವ ಸಂಗತಿ. ಆದರೆ ರೇಷ್ಮೆ ಹುಳು ಮನೆಯ ಸೋಂಕು ನಿವಾರಣೆಗೆ ಬ್ಲೀಚಿಂಗ್ ಪುಡಿ ಕಲಸುವಾಗ ಇದೇ ಸಂಗತಿಯನ್ನು ನಾವು ಮರೆತುಬಿಡುತ್ತೇವೆ.

ಬಂಗಾರಪೇಟೆ ಕಡೆಯ ಒಂದು ಹಳ್ಳಿಗೆ ನಾನು ಹೋಗಿದ್ದಾಗ ಒಬ್ಬ ರೈತರ ಹುಳುಗಳು ನಾಲ್ಕನೆಯ ಜ್ವರ ದಾಟಿದ ಮೇಲೆ ಹಾಲುತೊಂಡೆ ರೋಗಕ್ಕೆ ಸಿಕ್ಕಿ ತಟ್ಟೆತಟ್ಟೆಯೇ ತಿಪ್ಪೆ ಸೇರಿದ್ದವು. "ಪ್ರತಿ ಬೆಳೆಗೂ ಹಾಕುವಷ್ಟೇ ಡಬ್ಬ ಪುಡಿ ಹಾಕಿದ್ದೆ ಸ್ವಾಮಿ" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಡಬ್ಬಗಳ ಲೆಕ್ಕ ಸರಿಯಾಗಿತ್ತು. ಆದರೆ ಡಬ್ಬದೊಳಗೆ ಎಷ್ಟು ಗ್ರಾಂ ಇತ್ತು ಎಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಾಗಲಿಲ್ಲ. ರೋಗಕ್ಕೆ ಅದೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ತೂಗದೆ ಹಾಕಿದ ಔಷಧದ ಮೇಲೆ ನಂಬಿಕೆ ಇಡುವುದು ಹೇಗೆ?

ಸಾಂದ್ರತೆ ಎಂದರೇನು?

ಒಂದು ಗೊತ್ತಾದ ಅಳತೆಯಲ್ಲಿ ಹಿಡಿಯುವ ವಸ್ತುವಿನ ತೂಕವೇ ಅದರ ಸಾಂದ್ರತೆ. ಕೋಲಾರದ ಚಿನ್ನದ ಗಣಿಯಲ್ಲಿ ಈ ಗುಣವೇ ಅನ್ನ ಕೊಟ್ಟಿತು. ಚಿನ್ನವು ನೀರಿಗಿಂತ 19.3 ಪಟ್ಟು ಭಾರ, ಅದನ್ನು ಒಳಗೊಂಡ ಬೆಣಚುಕಲ್ಲು ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು. ಅದಿರನ್ನು ಪುಡಿಮಾಡಿ ಅದರ ಮೇಲೆ ನೀರು ಹರಿಸಿದರೆ ಭಾರವಾದ ಚಿನ್ನದ ಕಣ ತಳದಲ್ಲಿ ತಂಗುತ್ತಿತ್ತು, ಕಲ್ಲಿನ ಪುಡಿ ಕೊಚ್ಚಿಹೋಗುತ್ತಿತ್ತು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಪಾಠ ಮಾತ್ರ ಉಳಿದಿದೆ: ಒಂದೇ ಅಳತೆ ಎಂದ ಮಾತ್ರಕ್ಕೆ ಒಂದೇ ತೂಕವಲ್ಲ.

ಚಿನ್ನದ ಗಟ್ಟಿಯ ಸಾಂದ್ರತೆ ಎಲ್ಲಿ ಅಳೆದರೂ ಒಂದೇ. ಪುಡಿಯ ವಿಷಯ ಹಾಗಲ್ಲ. ಪುಡಿಯ ಕಣಗಳ ನಡುವೆ ಗಾಳಿ ತುಂಬಿರುತ್ತದೆ. ಸಡಿಲವಾಗಿ ಸುರಿದರೆ ಗಾಳಿ ಹೆಚ್ಚು, ಕುಟ್ಟಿ ತುಂಬಿದರೆ ಪುಡಿ ಹೆಚ್ಚು. ಲಾರಿಯಲ್ಲಿ ಕುಲುಕಿ ಬಂದ ಚೀಲದ ಪುಡಿ ಅಡಕವಾಗಿ ಕೂತಿರುತ್ತದೆ. ಅದನ್ನೇ ಕೆದಕಿ ಮೊಗೆದರೆ ಅರಳಿಕೊಳ್ಳುತ್ತದೆ.

ಮನೆಯಲ್ಲೇ ಅಳೆದು ನೋಡಿ

ಅಡುಗೆಗೆ ಬಳಸದ, ಒಣಗಿದ ಒಂದು ಲೀಟರಿನ ಪ್ಲಾಸ್ಟಿಕ್ ಡಬ್ಬ ತೆಗೆದುಕೊಳ್ಳಿ. ಖಾಲಿ ಡಬ್ಬವನ್ನು ತೂಗಿ. ಪುಡಿಯನ್ನು ಸಡಿಲವಾಗಿ ತುಂಬಿ, ಬಾಯಿಯನ್ನು ಪಟ್ಟಿಯಿಂದ ಸವರಿ, ಮತ್ತೆ ತೂಗಿ. ಎರಡನೆಯ ತೂಕದಿಂದ ಮೊದಲಿನದನ್ನು ಕಳೆದರೆ ಒಂದು ಲೀಟರ್ ಪುಡಿಯ ತೂಕ ಸಿಗುತ್ತದೆ. ಈಗ ಡಬ್ಬವನ್ನು ಹಲಗೆಯ ಮೇಲೆ ಮೂವತ್ತು ಸಲ ಮೆಲ್ಲಗೆ ಕುಟ್ಟಿ. ಪುಡಿ ಕುಸಿಯುತ್ತದೆ. ಮತ್ತೆ ತುಂಬಿ, ಸವರಿ, ತೂಗಿ. ವ್ಯತ್ಯಾಸವನ್ನು ನೀವೇ ಕಾಣುವಿರಿ.

ಉದಾಹರಣೆಗೆ ಕುಟ್ಟಿ ತುಂಬಿದಾಗ 800 ಗ್ರಾಂ, ಸಡಿಲವಾಗಿ ತುಂಬಿದಾಗ 600 ಗ್ರಾಂ ಬಂದಿತೆಂದು ಇಟ್ಟುಕೊಳ್ಳಿ. ಹುಳು ಮನೆಗೆ ಶೇಕಡಾ 2ರ ದ್ರಾವಣ ಬೇಕು. ಅಂದರೆ 100 ಲೀಟರ್ ನೀರಿಗೆ 2 ಕಿ.ಗ್ರಾಂ ಬ್ಲೀಚಿಂಗ್ ಪುಡಿ, ಜೊತೆಗೆ 300 ಗ್ರಾಂ ಅರಳಿದ ಸುಣ್ಣ. ಕುಟ್ಟಿ ತುಂಬಿದ ಎರಡೂವರೆ ಡಬ್ಬ 2 ಕಿ.ಗ್ರಾಂ ಆಗುತ್ತದೆ. ಸಡಿಲವಾದ ಎರಡೂವರೆ ಡಬ್ಬ ಒಂದೂವರೆ ಕಿ.ಗ್ರಾಂ ಮಾತ್ರ. ಕಾಲು ಭಾಗ ಔಷಧ ಅಲ್ಲಿಯೇ ಖೋತಾ ಆಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಒಳ್ಳೆಯ ಪುಡಿಯಲ್ಲಿ ಕೆಲಸಕ್ಕೆ ಬರುವ ಕ್ಲೋರಿನ್ ಶೇಕಡಾ 30ರಷ್ಟು ಇರುತ್ತದೆ. ಬಾಯಿ ತೆರೆದಿಟ್ಟ ಚೀಲ ಗಾಳಿಯ ತೇವ ಹೀರಿ ತೂಕದಲ್ಲಿ ಹೆಚ್ಚುತ್ತದೆ, ಶಕ್ತಿಯಲ್ಲಿ ಕುಗ್ಗುತ್ತದೆ. ಅದು ಶೇಕಡಾ 20ಕ್ಕೆ ಇಳಿದಿದ್ದರೆ ನಿಮ್ಮ ಒಂದೂವರೆ ಕಿ.ಗ್ರಾಂ ಪುಡಿ 1 ಕಿ.ಗ್ರಾಂ ಒಳ್ಳೆಯ ಪುಡಿಗೆ ಸಮ. ಬೇಕಾದುದರ ಅರ್ಧ! ಆದ್ದರಿಂದ ತೂಕ ಮೊದಲು ಸರಿಯಿರಬೇಕು, ಪುಡಿಯೂ ಹೊಸದಾಗಿರಬೇಕು. ಗಂಟುಕಟ್ಟಿದ, ಘಾಟು ಹೋದ ಪುಡಿಯನ್ನು ಎಷ್ಟು ತೂಗಿದರೂ ಫಲವಿಲ್ಲ.

ಬಾವಿಯ ನೀರಿಗೂ ಇದೇ ಲೆಕ್ಕ

ಕುಡಿಯುವ ನೀರಿನ ತೆರೆದ ಬಾವಿಗೆ 1000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಪುಡಿ ಸಾಕು. 3 ಮೀಟರ್ ಅಡ್ಡಗಲ, 4 ಮೀಟರ್ ನೀರು ಇರುವ ದುಂಡು ಬಾವಿಯಲ್ಲಿ ಸುಮಾರು 28,000 ಲೀಟರ್ ನೀರಿರುತ್ತದೆ. 70 ಗ್ರಾಂ ಪುಡಿ ಬೇಕು. ಬಕೆಟ್ಟಿನಲ್ಲಿ ಕಲಸಿ, ಸುಣ್ಣದ ಗಷ್ಟು ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಬೆರೆಸಿ, ಕನಿಷ್ಠ ಒಂದು ಗಂಟೆ ನೀರು ಸೇದಬಾರದು. ರಾತ್ರಿ ಹಾಕುವುದು ಉತ್ತಮ. ಇಲ್ಲಿ "ಒಂದು ಹಿಡಿ" ಎಂಬ ಮಾತಿಗೆ ಅರ್ಥವಿಲ್ಲ. ಒಬ್ಬರ ಹಿಡಿ ಇನ್ನೊಬ್ಬರ ಹಿಡಿಯಂತಿರುವುದಿಲ್ಲ. ಕಡಿಮೆಯಾದರೆ ರೋಗಾಣು ಉಳಿಯುತ್ತದೆ. ಹೆಚ್ಚಾದರೆ ವಾಸನೆಗೆ ಹೇಸಿ ಜನ ಬೇರೆ ನೀರನ್ನು ಹುಡುಕುತ್ತಾರೆ.

ಒಂದು ಎಚ್ಚರಿಕೆ

ಕಲ್ಲಿನ ಸಾಂದ್ರತೆಯನ್ನು ನೀರಿನಲ್ಲಿ ಮುಳುಗಿಸಿ ಕಂಡುಹಿಡಿಯುವುದನ್ನು ನಿಮ್ಮ ಮಕ್ಕಳು ಶಾಲೆಯಲ್ಲಿ ಕಲಿತಿರುತ್ತಾರೆ. ಈ ಪುಡಿಗೆ ಆ ವಿಧಾನ ಒಗ್ಗುವುದಿಲ್ಲ. ನೀರಿನಲ್ಲಿ ಅದು ಕರಗತೊಡಗುತ್ತದೆ. ನೀರಿನ ಬದಲು ಸೀಮೆಎಣ್ಣೆಯಲ್ಲೋ ಬೇರೆ ಎಣ್ಣೆಯಲ್ಲೋ ಹಾಕಿ ನೋಡುವ ಸಾಹಸ ಖಂಡಿತ ಬೇಡ, ಬೆಂಕಿ ಹತ್ತಬಹುದು. ಆಮ್ಲ ಸೋಕಿದರೆ ವಿಷಗಾಳಿ ಏಳುತ್ತದೆ. ಯೂರಿಯಾ ಮುಂತಾದ ಗೊಬ್ಬರದ ಚೀಲಗಳ ಪಕ್ಕದಲ್ಲಿಯೂ ಇದನ್ನು ಇಡಬಾರದು. ತೂಗುವಾಗ ಮೂಗಿಗೆ ಬಟ್ಟೆ ಕಟ್ಟಿ, ಗಾಳಿಯಾಡುವ ಕಡೆ ಕುಳಿತುಕೊಳ್ಳಿ. ಕಬ್ಬಿಣದ ತಟ್ಟೆಗೆ ಪುಡಿಯನ್ನು ನೇರವಾಗಿ ಸುರಿಯಬೇಡಿ, ತುಕ್ಕು ಹಿಡಿಯುತ್ತದೆ.

ತಪ್ಪು ರೈತರೊಬ್ಬರದೇ ಅಲ್ಲ

ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಹಳ್ಳಿಗೆ ಬಂದು "ಎರಡು ಚಮಚ ಹಾಕಿ, ಒಂದು ಹಿಡಿ ಹಾಕಿ" ಎಂದು ಹೇಳಿಕೊಟ್ಟವರು ನಮ್ಮಂಥವರೇ. ಸುಲಭವಾಗಲಿ ಎಂದು ಹೇಳಿದೆವು, ಅದೇ ರೂಢಿಯಾಯಿತು. ಇನ್ನು ಮುಂದೆ ನಾವು ಗ್ರಾಂನಲ್ಲಿಯೇ ಹೇಳಬೇಕು, ನೀವು ಗ್ರಾಂನಲ್ಲಿಯೇ ಕೇಳಬೇಕು. ಚಾಕಿ ಕೇಂದ್ರಗಳು ಮತ್ತು ಹಾಲಿನ ಸಂಘಗಳು ಅರ್ಧ ಕಿ.ಗ್ರಾಂ ತೂಗಿ, ಗಾಳಿಯಾಡದಂತೆ ಕಟ್ಟಿದ ಪೊಟ್ಟಣಗಳನ್ನು, ತಯಾರಾದ ತಿಂಗಳನ್ನು ಬರೆದು, ರೈತರಿಗೆ ಒದಗಿಸುವಂತಾದರೆ ಎಷ್ಟೋ ಅನುಕೂಲ.

ಗೂಡು ಮಾರುವಾಗ ಗ್ರಾಂ ಲೆಕ್ಕವನ್ನೂ ಬಿಡದವರು ನೀವು. ಹಾಲು ಹಾಕುವಾಗ ಡಿಗ್ರಿ ನೋಡುವವರು ನೀವು. ಗೂಡನ್ನೂ ಹಾಲನ್ನೂ ಕಾಯುವ ಪುಡಿಯನ್ನು ಮಾತ್ರ ಅಂದಾಜಿಗೆ ಬಿಡುವುದೇಕೆ? ಮುಂದಿನ ಬೆಳೆಗೆ ಚಾಕಿ ತರುವ ಮೊದಲು ನಿಮ್ಮ ಡಬ್ಬವನ್ನು ಒಮ್ಮೆ ತಕ್ಕಡಿಯ ಮೇಲೆ ಇಟ್ಟು ನೋಡಿ.