ಹಾಲು ಬಿಟ್ಟವರ ಕಾಫಿ

ಹಾಲಿನ ಸಕ್ಕರೆಯಂಶ ಮೈಗೊಗ್ಗದೆ, ವೈದ್ಯರ ಸಲಹೆಯಂತೆ ಹಾಲು ಬಿಟ್ಟ ಸದಸ್ಯರು ಕೆಲವರಿದ್ದಾರೆ. ಅವರಿಗೆ ಮೊದಲು ಎದುರಾಗುವ ತೊಡಕೇ ಬೆಳಗಿನ ಲೋಟ. ಕಾಫಿ ಬೆಳೆಯುವ ನಾವೇ ಹಾಲಿಲ್ಲದ ಕಾಫಿಯನ್ನು ಬಡವರ ಕಾಫಿಯೆಂದು ಹೀಗಳೆಯುವುದು ತರವಲ್ಲ. ಮಲೆನಾಡಿಗೆ, ಕೊಡಗಿಗೆ ಬೆಲ್ಲದ ಕರಿಕಾಫಿ ಹೊಸತೇನಲ್ಲವಷ್ಟೆ.

ಚಿಕೋರಿ ಬೆರೆಸಿದ ಗಟ್ಟಿ ಡಿಕಾಕ್ಷನ್ ಹಾಲಿಗೆಂದೇ ಇರುವಂಥದು. ಅದನ್ನೇ ಬರಿದೆ ಕುಡಿದು ಮುಖ ಸಿಂಡರಿಸಿದರೆ ತಪ್ಪು ಕಾಫಿಯದಲ್ಲ. ಹದವಾಗಿ ಹುರಿದ ಶುದ್ಧ ಅರೇಬಿಕಾ ಪುಡಿಯನ್ನು ತೆಳ್ಳಗೆ ಇಳಿಸಿ, ಚೂರು ಬೆಲ್ಲ ಹಾಕಿ ನೋಡಬೇಕು.

ಊಟದ ಮಾತು ಬೇರೆ. ಮಜ್ಜಿಗೆಯ ಜಾಗಕ್ಕೆ ಅಪ್ಪೆಹುಳಿಯೋ ಪುನರ್ಪುಳಿ ಸಾರೋ ರುಚಿಗೆ ಸಾಕು, ಸತ್ವಕ್ಕೆ ಸಾಲದು. ಸುಣ್ಣದಂಶಕ್ಕೆ ರಾಗಿಯಿದೆ: 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ, ಅಷ್ಟೇ ಹಸುವಿನ ಹಾಲಿನಲ್ಲಿ 120ರ ಆಸುಪಾಸು. ರಾಗಿಯಲ್ಲಿರುವುದೆಲ್ಲ ಮೈಗೆ ಹತ್ತದಾದ್ದರಿಂದ ಎಳ್ಳು, ಸೊಪ್ಪೂ ಜೊತೆಗಿರಲಿ. ಬಿ12 ಜೀವಸತ್ವದ ವಿಷಯದಲ್ಲಿ ಮಾತ್ರ ಉದಾಸೀನ ಕೂಡದು. ಅದು ಧಾನ್ಯ ತರಕಾರಿಗಳಲ್ಲಿ ಸಿಗುವುದಿಲ್ಲ. ಮೀನು, ಮಾಂಸ, ಮೊಟ್ಟೆ ಮುಟ್ಟದವರು ಹಾಲನ್ನೂ ಬಿಟ್ಟರೆ, ಕೈಕಾಲು ಜೋಮು ಹಿಡಿಯುವತನಕ ಕಾಯದೆ, ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಲೇಬೇಕು.

ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಒಂದು ಪಾತ್ರೆ ಕರಿಕಾಫಿಯನ್ನೂ ಇಡಿಸುತ್ತೇವೆ. ಉಪಚಾರದ ಹೆಸರಿನಲ್ಲಿ ಯಾರೂ ಅದಕ್ಕೆ ಹಾಲು ಸುರಿಯದಿದ್ದರೆ ಸಾಕು.