ಬಣ್ಣಗಾರನಿಗೆ ಹಳೆಯ ಮರದ ಕಾಯಕ

ನಮ್ಮ ಘಟ್ಟದ ಸಾಗುವಾನಿ ಯಲಬುರ್ಗಾದಂತಹ ಬಯಲುಸೀಮೆಯ ಮನೆಗಳಲ್ಲಿ ಬಾಗಿಲು, ಮಂಚಗಳಾಗಿ ನಿಂತಿದೆ. ಕೀಲು ಸಡಿಲಾಯಿತೆಂದು ಅದನ್ನು ಒಲೆಗಿಟ್ಟು, ನೀರು ತಗುಲಿದರೆ ಉಬ್ಬುವ ಪಾರ್ಟಿಕಲ್ ಬೋರ್ಡಿನ ಕಪಾಟು ತರುವುದು ಯಾವ ಸೀಮೆಯ ಪ್ರಗತಿ?

ಗೋಡೆಗೆ ಬಣ್ಣ ಬಳಿಯುವ ಯುವಕರು ಪೀಠೋಪಕರಣಗಳ ಪಾಲಿಶ್ ಹಾಗೂ ದುರಸ್ತಿಯತ್ತ ಹೊರಳಬೇಕು. ಪುಟ್ಟಿ ತುಂಬುವುದು, ಉಜ್ಜುವುದು ಅವರಿಗೆ ತಿಳಿದಿದೆ. ಮರದ ಎಳೆಯ ದಿಕ್ಕನ್ನು ಗಮನಿಸುವುದು, ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ತೆಳುವಾಗಿ ಪದರ ಪದರವಾಗಿ ಹಚ್ಚುವುದು ಹೊಸ ಕಲಿಕೆ. (ಅರಗಿನ ಕೀಟಕ್ಕೆ ಮುತ್ತುಗವೂ ಆಶ್ರಯ, ಆ ಮರವನ್ನು ಕಡಿಯುವವರು ಇದನ್ನೂ ನೆನೆಯಲಿ.) ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬಾರದು, ಒದ್ದೆ ಮಾಡಿ ತೆಗೆಯಬೇಕು. ಮನೆಬಣ್ಣಗಳಲ್ಲಿ ಸೀಸಕ್ಕೆ 90 ಪಿಪಿಎಂ ಮಿತಿ ನಮ್ಮಲ್ಲಿ ಜಾರಿಯಾದದ್ದೇ 2017ರ ನವೆಂಬರ್‌ನಲ್ಲಿ. ಸೀಸದ ಧೂಳು ಮೊದಲು ಕೆಡಿಸುವುದು ಮಕ್ಕಳ ಮಿದುಳನ್ನು.

ಗುರುಗಳಿಗೆ ದೂರ ಹೋಗಬೇಕಿಲ್ಲ. ಅದೇ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹುಣಸೆಬೀಜದ ಅಂಟಿನಿಂದ ಮರ ಕೂಡಿಸಿ, ಅದರ ಮೇಲೆ ಬಣ್ಣ ನಿಲ್ಲಿಸಬಲ್ಲವರು. ಆದರೆ ಸರ್ಕಾರದ ಕಣ್ಣು ಎಲ್ಲಿದೆ? 2023ರಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿಯಿದ್ದಾನೆ, ಗೊಂಬೆ ಮಾಡುವವನಿದ್ದಾನೆ. ಬಣ್ಣಗಾರನೂ ಇಲ್ಲ, ಪಾಲಿಶ್ ಮಾಡುವವನೂ ಇಲ್ಲ. ಅವರನ್ನು ಸೇರಿಸಿರೆಂದು ಮುಂದಿನ ಗ್ರಾಮಸಭೆಯಲ್ಲಿಯೇ ನಿರ್ಣಯ ಬರೆಯಿಸಿರಿ.