ಹುಳಿ ಬಂದ ಅಂಬಲಿ
ಬೇಸಿಗೆ ಶುರುವಾಯಿತೆಂದರೆ ನಮ್ಮ ಮನೆಯಲ್ಲಿ ಕಾಫಿಗಿಂತ ಮೊದಲು ಅಂಬಲಿ. ರಾತ್ರಿ ರಾಗಿಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಕುದಿವ ನೀರಿಗೆ ಸುರಿದು, ಹಸಿವಾಸನೆ ಹೋಗುವತನಕ ಕೈಬಿಡದೆ ತಿರುವಿ, ಆರಿದ ಮೇಲೆ ಮುಚ್ಚಿಟ್ಟರೆ ಬೆಳಿಗ್ಗೆ ಸಣ್ಣಗೆ ಹುಳಿ ಬಂದಿರುತ್ತದೆ. ಅದಕ್ಕೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ. ಆ ಹುಳಿ ಬರೀ ರುಚಿಗಲ್ಲ: ರಾಗಿಯಲ್ಲಿರುವ ಫೈಟೇಟ್ ಕಬ್ಬಿಣ, ಕ್ಯಾಲ್ಸಿಯಂಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಹುಳಿ ಬಂದರೆ, ಮೊಳಕೆ ಕಟ್ಟಿದರೆ ಆ ಹಿಡಿತ ಸಡಿಲವಾಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪಾಲಿಶ್ ಅಕ್ಕಿಯಲ್ಲಿ 10 ಇದ್ದರೆ ಹೆಚ್ಚು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲಂತೂ ಅಂಗಡಿಯಲ್ಲಿ ರಾಗಿ ಬಿಸ್ಕತ್ತಿಗೆ ಬರವಿಲ್ಲ. ಪೊಟ್ಟಣ ತಿರುಗಿಸಿ ನೋಡಿ, ಎಷ್ಟೋ ಸಲ ರಾಗಿಗಿಂತ ಮೊದಲು ಮೈದಾ, ಸಕ್ಕರೆಯ ಹೆಸರಿರುತ್ತದೆ. ಹಾಗಂತ ರಾಗಿ ಮದ್ದೇನಲ್ಲ. ‘ಶುಗರ್‌ಗೆ ಒಳ್ಳೇದಂತೆ’ ಎಂದು ನಮ್ಮ ಭಾವ ಚೊಂಬುಗಟ್ಟಲೆ ಕುಡಿಯುತ್ತಿದ್ದರು. ಗಂಜಿಯಾದ ರಾಗಿ ರಕ್ತದ ಸಕ್ಕರೆಯನ್ನು ಬೇಗನೆ ಏರಿಸುತ್ತದೆ ಎಂದು ಡಾಕ್ಟರು ಹೇಳಿದ ಮೇಲೆಯೇ ನಿಂತದ್ದು. ಈಗ ಅವರಿಗೆ ಚಿಕ್ಕದೊಂದು ಮುದ್ದೆ, ತಟ್ಟೆ ತುಂಬ ಬಸ್ಸಾರಿನ ಸೊಪ್ಪು. ಅಂಬಲಿ ಕುಡಿದ ಕೂಡಲೇ ಮಾತ್ರ ಕಾಫಿಗೆ ಕೈ ಹಾಕಬೇಡಿ, ಒಂದು ಗಂಟೆ ತಡೆಯಿರಿ. ಕಾಫಿ ಜೊತೆಗಿದ್ದರೆ ಮೈಗೆ ಹತ್ತುವ ಕಬ್ಬಿಣ ಕಡಿಮೆ.